ಹೆಸರು ಸಿಗುತ್ತಿಲ್ಲ

“ಮತ್ತೆ ಅದೇ ಬಂತಲ್ಲೋ,” ಎಂದ ಕೃಷ್ಣಾನಂದ. ಹೊನ್ನಾವರದ ಮೀನುಗಾರರ ಸೊಸೈಟಿಗೆ ಅವನು ಕಾರ್ಯದರ್ಶಿ. ಬಾಗಿಲು ತೆರೆದು ಒಳಗೆ ಬಂದಾಗಿನಿಂದ ಅವನು ಪರದೆಯ ಮೇಲೆ ಕಂಡದ್ದು ಕೆಂಪಕ್ಷರದ ಒಂದೇ ಸಾಲು: ಹೆಸರು ಸಿಗುತ್ತಿಲ್ಲ.

ಸೊಸೈಟಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಉಮೇಶ ತಲೆ ಎತ್ತಲಿಲ್ಲ. ಅವನು ಬೆಳಕು ಹರಿಯುವ ಮೊದಲೇ ಬಂದು ಕೂತಿದ್ದ.

ಬಿರುಗಾಳಿಗೆ ಕರೆಂಟು ಹೋಗಿ, ಬಂದು, ಮತ್ತೆ ಹೋಗಿ ಬಂದಿತ್ತು. ಮೊಬೈಲ್ ಟವರುಗಳು ಸತ್ತಿದ್ದವು. ಭಟ್ಕಳದ ಹೆದ್ದಾರಿಗೆ ಗುಡ್ಡ ಜರಿದಿತ್ತು. ಉಳಿದದ್ದು ನೆಲದಡಿಯ ಕೇಬಲ್ ಒಂದೇ. ಕೇಬಲ್ ಇದ್ದರೇನು ಬಂತು? ಕಂಪ್ಯೂಟರುಗಳು ಒಂದನ್ನೊಂದು ಹೆಸರು ಹಿಡಿದು ಕರೆಯುತ್ತವೆ. ಹೆಸರು ಕೇಳಿ ವಿಳಾಸ ಹೇಳುವುದು ನೇಮ್ ಸರ್ವರ್. ಅದು ಬಾಯಿ ಬಿಡದಿದ್ದರೆ ಭಟ್ಕಳವೂ ಇಲ್ಲ, ಕಾರವಾರವೂ ಇಲ್ಲ.

ಭಟ್ಕಳದಿಂದ ಬರಬೇಕಾದದ್ದು ಸೋಮನ ಸುದ್ದಿ. ಸೋಮ ಉಮೇಶನ ಅಣ್ಣ. ಗಾಳಿ ಬರುತ್ತದೆಂದು ಗೊತ್ತಾದ ಕೂಡಲೇ, ಬಿಟ್ಟ ಬಲೆ ಎಳೆದು ತರುತ್ತೇನೆಂದು ನಿನ್ನೆ ಒಬ್ಬನೇ ದೋಣಿ ತೆಗೆದುಕೊಂಡು ಹೋದವನು ತಿರುಗಿ ಬಂದಿರಲಿಲ್ಲ. ಗಾಳಿ ಎದ್ದರೆ ದೋಣಿಗಳು ಹತ್ತಿರದ ಬಂದರಿಗೆ ನುಗ್ಗುವುದು ರೂಢಿ. ಭಟ್ಕಳದ ಹತ್ತಿರದ ತೆಂಗಿನಗುಂಡಿಗೆ ಹೋಗಿರುತ್ತಾನೆ ಎಂದು ಮನೆಯವರು ಧೈರ್ಯ ತಂದುಕೊಂಡಿದ್ದರು. ತಂದುಕೊಳ್ಳದೆ ಮಾಡುವುದೇನು? ಇವತ್ತು ಧಾರೇಶ್ವರದಲ್ಲಿ ತಂಗಿ ಪೂರ್ಣಿಮಾಳ ಮದುವೆ.

“ಒಂದ್ಸಲ ಎಲ್ಲ ಆಫ್ ಮಾಡಿ ಆನ್ ಮಾಡುವನಾ?” ಕೃಷ್ಣಾನಂದ ಸ್ವಿಚ್ಚಿನ ಕಡೆ ಕೈ ಚಾಚಿದ.

“ಬೇಡ ಕೃಷ್ಣಾನಂದಣ್ಣ. ಹೆಸರು ಹೇಳೂದು ಮೊದಲು ಏಳ್ಬೇಕು, ಉಳಿದದ್ದು ಆಮೇಲೆ. ಎಲ್ಲ ಒಟ್ಟಿಗೇ ಎದ್ದಿದ್ದಕ್ಕೇ ಈ ರಗಳೆ. ನೀವು ಕೈ ಹಾಕ್ಬೇಡಿ.”

ಧ್ವನಿ ಗಡುಸಾಗಿತ್ತು. ಪಾಪ, ಅಣ್ಣನ ಚಿಂತೆ ಎಂದು ಕೃಷ್ಣಾನಂದ ಕೈ ಹಿಂದಕ್ಕೆ ತೆಗೆದುಕೊಂಡ.

ಉಮೇಶ ವೈರು ಕಿತ್ತ. ಮತ್ತೆ ಚುಚ್ಚಿದ. ಏನೋ ಟೈಪು ಮಾಡಿದ, ಅಳಿಸಿದ. ಇದೊಂದು ಕೆಲಸ ಇವತ್ತು ತಪ್ಪಬಾರದು ಎಂಬುದಷ್ಟೇ ಅವನ ತಲೆಯಲ್ಲಿತ್ತು.

ಅಷ್ಟರಲ್ಲಿ ಸೋದರಮಾವ ಸುಬ್ಬ ಧಾರೇಶ್ವರದಿಂದ ಬೈಕಿನಲ್ಲಿ ಬಂದ. ಕೈಯಲ್ಲಿ ಹೊಸ ಪಂಚೆ, ಶರ್ಟಿನ ಚೀಲ.

“ಎಂತ ಮಾಡ್ತಾ ಕೂತಿದ್ಯೋ? ಮುಹೂರ್ತ ಹತ್ರ ಬಂತು. ಅಪ್ಪ ಇಲ್ಲ, ಸೋಮ ಇಲ್ಲ. ಧಾರೆ ಎರೆಯೂಕೆ ನೀನಾದ್ರೂ ಬೇಡ್ವಾ?”

“ನೀನೇ ಎರೆದ್ಬಿಡು ಮಾವ. ಇದನ್ನ ಬಿಟ್ಟು ನಂಗೆ ಬರೂಕಾಗೂದಿಲ್ಲ.”

“ಅಮ್ಮಂಗೆ ಎಂತ ಹೇಳ್ಲಿ?”

“ಮಿಷನ್ನು ಸರಿಯಾಗ್ಲಿಲ್ಲ, ಸುದ್ದಿ ಬರ್ಲಿಲ್ಲ ಅನ್ನು. ಅಷ್ಟೇ ಹೇಳು.”

ಸುಬ್ಬನಿಗೆ ಸಿಟ್ಟು ನೆತ್ತಿಗೇರಿತು. ಹೋದ ವರ್ಷ ಚಪ್ಪರ ಹಾಕಿದ ಮೇಲೆ ಪೂರ್ಣಿಮಾಳ ಅಪ್ಪ ತೀರಿಕೊಂಡು ಮದುವೆ ನಿಂತಿತ್ತು. ಆ ಗಂಡಿನವರು ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಹುಡುಗಿ ತಿಂಗಳುಗಟ್ಟಲೆ ಮನೆಯಿಂದ ಹೊರಗೆ ಕಾಲಿಟ್ಟಿರಲಿಲ್ಲ. ಅಂತೂ ಕೂಡಿಬಂದ ಗಳಿಗೆಯಲ್ಲಿ ಇವನು ಹೀಗೆ ಹಟ ಹಿಡಿದರೆ? ತೋಳು ಹಿಡಿದು ಎಳೆಯಲು ಮುಂದೆ ಬಂದ.

ಉಮೇಶ ಕುರ್ಚಿ ಸಮೇತ ಹಿಂದೆ ಸರಿದ. “ಮುಟ್ಬೇಡ ಮಾವ. ಬ್ಯಾಟರಿ ಆಸಿಡ್ ತಾಗಿದೆ ಮೈಗೆ. ನಿನ್ನ ಬಟ್ಟೆಗೂ ಹತ್ತತದೆ.”

“ತಂಗಿಗಿಂತ ಈ ಪೆಟ್ಟಿಗೆ ಹೆಚ್ಚಾತು ನಿಂಗೆ,” ಎಂದು ಸುಬ್ಬ ಚೀಲವನ್ನು ಮೇಜಿನ ಮೇಲೆ ಒಗೆದು ಹೊರಟುಹೋದ.

ಆ ಮಾತು ನಾಟಿತು. ಉಮೇಶನಿಗೆ ಕಣ್ಣು ತುಂಬಿ ಬಂತು. ತಂಗಿಯನ್ನು ಎತ್ತಿ ಆಡಿಸಿದವನು ಅವನು. ಅವಳು ಸೀರೆ ಉಟ್ಟು ಮಂಟಪಕ್ಕೆ ಬರುವುದನ್ನು ನೋಡಬೇಕೆಂದು ಎಷ್ಟು ಆಸೆಯಿತ್ತೋ ಅವನಿಗೇ ಗೊತ್ತು. ಚೀಲವನ್ನು ಬಿಚ್ಚಲಿಲ್ಲ. ಕೃಷ್ಣಾನಂದ ತಂದಿಟ್ಟ ಚಹಾ ಆರಿತು. ಕೆಂಪಕ್ಷರ ಹಾಗೇ ಉಳಿಯಿತು.

ಬಿಸಿಲು ನೆತ್ತಿಗೆ ಬಂದು ಇಳಿಯತೊಡಗಿದಾಗ ಹೊರಗೆ ರಿಕ್ಷಾ ನಿಂತಿತು. ನೆರೆಮನೆಯ ಗಣಪ ಮದುವೆಯೂಟ ಮುಗಿಸಿ ಬಂದಿದ್ದ.

“ಧಾರೆ ಆತಾ?” ಉಮೇಶ ಎದ್ದು ನಿಂತ.

“ಆತು. ತಾಳಿ ಕಟ್ಟಿದ್ದೂ ಆತು. ನಿನ್ನ ತಂಗಿ ಬಾಗಿಲ ಕಡೇನೇ ನೋಡ್ತಾ ಇದ್ದಿತ್ತು.”

ಉಮೇಶ ಮೆಲ್ಲಗೆ ಕೂತ. ಕೀಬೋರ್ಡು ಹತ್ತಿರ ಎಳೆದುಕೊಂಡು, ಎಲ್ಲಿಯೂ ತಡವರಿಸದೆ ಒಂದು ಸಾಲು ಬರೆದ. ಕೆಂಪಕ್ಷರ ಮಾಯವಾಯಿತು. ಭಟ್ಕಳದ ಸಂದೇಶ ತೆರೆಯಿತು: ಸೋಮನ ಹೆಣ ತೆಂಗಿನಗುಂಡಿಯ ದಡಕ್ಕೆ ಬಂದಿದೆ.

ಕೃಷ್ಣಾನಂದ ಪರದೆಗೆ ಬಗ್ಗಿ ಮತ್ತೊಮ್ಮೆ ಓದಿದ. “ಇಷ್ಟು ಹೊತ್ತು ಆಗದ್ದು ಈಗ ಹೆಂಗೆ ಸರಿಯಾತೋ?”

“ಬೆಳಿಗ್ಗೆನೇ ಸರಿ ಮಾಡಿ ಇದನ್ನ ಓದಿದ್ದೆ ಕೃಷ್ಣಾನಂದಣ್ಣ, ಆಮೇಲೆ ನಾನೇ ಕೆಡಿಸಿಟ್ಟೆ, ಸೂತಕ ಸುದ್ದಿ ಕೇಳಿದವರಿಗೆ ಮಾತ್ರ ಅಲ್ವಾ, ಮುಹೂರ್ತ ಮುಗಿಯೂ ತನಕ ಅದು ನಂಗೊಬ್ಬಂಗೇ ಇರ್ಲಿ ಅಂತ.”