ಎರಡು ಜೇಬಿನ ನಖೂಲ

ಒಂದಾನೊಂದು ಕಾಲದಲ್ಲಿ, ಯುದ್ಧವು ಬೈರೂತ್ ಪಟ್ಟಣವನ್ನು ಕ್ರೈಸ್ತರದೊಂದು, ಮುಸಲ್ಮಾನರದೊಂದು ಎಂದು ಎರಡು ಹೋಳು ಮಾಡಿದ್ದಾಗ, ನಖೂಲ ಎಂಬ ಮುದಿ ಟ್ಯಾಕ್ಸಿ ಡ್ರೈವರ್ ಇದ್ದ. ಅವನ ಬಲಜೇಬಿನಲ್ಲಿ ಕ್ರೈಸ್ತನೆನ್ನುವ ಗುರುತಿನ ಚೀಟಿ, ಎಡಜೇಬಿನಲ್ಲಿ ಮುಸಲ್ಮಾನನೆನ್ನುವ ಕಳ್ಳಚೀಟಿ. ತಪ್ಪು ಚೀಟಿ ತೋರಿಸಿದವರನ್ನು ಎರಡೂ ಕಡೆಯವರು ಗೋಡೆಗೆ ನಿಲ್ಲಿಸಿ ಗುಂಡು ಹೊಡೆಯುತ್ತಿದ್ದರು.

ಆಚೆ ಮುಸಲ್ಮಾನರ ಕಡೆ ಇದ್ದ ತಂಗಿಗೆ ಹೃದಯದ ಮಾತ್ರೆ ತಲುಪಿಸುತ್ತೇನೆಂದು ಮಾತು ಕೊಟ್ಟು ಹೊರಟವನು, ಒಂದು ತಿರುವಿನಲ್ಲಿ ಬಂದೂಕಿನವನೊಬ್ಬ ಕಾರು ತಡೆದಾಗ ಎಡಜೇಬಿಗೆ ಕೈಹಾಕಿದ. ಆ ತಿರುವು ಬೆಳಿಗ್ಗೆಯಷ್ಟೇ ಕ್ರೈಸ್ತರ ಕೈಗೆ ಬಂದಿದ್ದು ಅವನಿಗೆ ತಿಳಿದಿರಲಿಲ್ಲ.

ಬಂದೂಕಿನವನು ಚೀಟಿ ನೋಡಿದ. "ಇಳಿ ಅಜ್ಜ."

"ತಡಿ ಮಗಾ, ಇನ್ನೊಂದಿದೆ," ಎಂದು ನಖೂಲ ಬಲಜೇಬಿನದನ್ನೂ ಕೊಟ್ಟ.

"ಎರಡರಲ್ಲಿ ಯಾವುದು ಸುಳ್ಳು?"

"ಮುಖವಂತೂ ಎರಡರಲ್ಲೂ ನನ್ನದೇ."

ಬಂದೂಕಿನವನು ನಗಲಿಲ್ಲ. ಕಳ್ಳಚೀಟಿಯ ಮೊಹರನ್ನು ಉಗುರಿನಿಂದ ಕೆರೆದು ನೋಡಿದ. "ಯಾರು ಮಾಡಿಕೊಟ್ಟಿದ್ದು?"

"ಹೇಳಲ್ಲ. ಅವನಿಗೆ ಮೂರು ಹೆಣ್ಣುಮಕ್ಕಳು."

"ಹೇಳದಿದ್ರೆ ಇಲ್ಲಿಂದ ಹೋಗಲ್ಲ ನೀನು."

"ತಂಗಿ ಮಾತ್ರೆಗೆ ಕಾಯ್ತಿದಾಳೆ. ಆದ್ರೂ ಹೇಳಲ್ಲ."

ಬಂದೂಕಿನವನು ಹಿಂದೆಮುಂದೆ ನೋಡಿ, ತನ್ನದೇ ಒಂದು ಫೋಟೋವನ್ನು ಕಿಟಕಿಯೊಳಗೆ ತೂರಿಸಿದ. "ನನಗೂ ಒಂದು ಮಾಡಿಸ್ಕೊಡು. ಅಮ್ಮ ಆ ಕಡೆ ಇದಾಳೆ."