ಲಾಗೌಟ್ ಆಗದ ದೊಡ್ಡಕ್ಕ

"ಮೊನ್ನೆ ರಾತ್ರಿ ಒಬ್ಬ ರೋಗಿಗೆ ಅದೇ ಇಂಜೆಕ್ಷನ್ ಎರಡನೇ ಸಲ ಕೊಟ್ಟಿದ್ದು ದೊಡ್ಡಕ್ಕ ಅಂತ ನಿಮ್ಮ ಸಾಫ್ಟ್‌ವೇರ್ ಹೇಳ್ತಿದೆ. ಹೌದೋ ಅಲ್ವೋ, ನೋಡಿ ಹೇಳಿ," ಎಂದು ಮುಖ್ಯ ವೈದ್ಯರು ಎಂಜಿನಿಯರನನ್ನು ವಾರ್ಡಿನ ಬಾಗಿಲಲ್ಲೇ ಹಿಡಿದರು. ಪುಣ್ಯಕ್ಕೆ ರೋಗಿಗೆ ಏನೂ ಆಗಿರಲಿಲ್ಲ. ಆದರೆ ಸಂಜೆಯೊಳಗೆ ಯಾರದಾದರೂ ಕೆಲಸ ಹೋಗಲೇಬೇಕಿತ್ತು.

"ಆವಾಗ ನಾನು ಮನೇಲಿ ನಿದ್ದೆ ಮಾಡ್ತಿದ್ದೆ ಸಾರ್," ಎಂದಳು ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಹಿರಿಯ ನರ್ಸು. ಬೆಳಗಿನಿಂದ ಅವಳು ಹೇಳುತ್ತಿದ್ದುದು ಅದೊಂದೇ.

"ಹಾಗಾದ್ರೆ ಲಾಗಿನ್ ಆಗಿದ್ದು ನಿಮ್ಮ ದೆವ್ವಾನಾ?"

ಎಂಜಿನಿಯರ್ ಕಾಲು ಕುಣಿಸುತ್ತ ಪರದೆಯ ಮುಂದೆ ಕುಳಿತ. ಅದರ ಪ್ರಕಾರ ಸೋಮವಾರ ಒಳಗೆ ಬಂದ ದೊಡ್ಡಕ್ಕ ಇವತ್ತಿನವರೆಗೂ ಹೊರಗೇ ಹೋಗಿಲ್ಲ! ಊಟವಿಲ್ಲ, ನಿದ್ದೆಯಿಲ್ಲ, ಎಲ್ಲ ಪಾಳಿಯಲ್ಲೂ ಅವಳೊಬ್ಬಳೇ ಔಷಧ ಕೊಟ್ಟಿದ್ದಾಳೆ. ಎಲ್ಲಾದರೂ ಉಂಟೇ? ಎರಡು ನಿಮಿಷ ಯಾರೂ ಮುಟ್ಟದಿದ್ದರೆ ಸಾಫ್ಟ್‌ವೇರ್ ತಾನಾಗಿಯೇ ಹೊರಹಾಕುವಂತೆ ಬರೆದವನು ಅವನೇ. ಸುರಕ್ಷತೆಗೆ ಒಳ್ಳೆಯದು ಎಂದು ಬೆನ್ನು ಬೇರೆ ತಟ್ಟಿಸಿಕೊಂಡಿದ್ದ.

ಮೌಸಿಗೆ ಕೈಚಾಚಿದ. ಅದು ಪಕ್ಕಕ್ಕೆ ಸರಿಯಿತು. ಮತ್ತೆ ಚಾಚಿದ, ಮತ್ತೆ ಸರಿಯಿತು. ಬಗ್ಗಿ ನೋಡಿದರೆ, ಪರದೆಯ ಹಿಂದಿದ್ದ ಟೇಬಲ್ ಫ್ಯಾನಿನ ಕುತ್ತಿಗೆಗೆ ಅದನ್ನು ಬ್ಯಾಂಡೇಜ್ ಬಟ್ಟೆಯಿಂದ ಕಟ್ಟಿದ್ದರು. ಫ್ಯಾನು ಅತ್ತಿತ್ತ ತಿರುಗಿದಂತೆಲ್ಲ ಮೌಸೂ ಹೊರಳುತ್ತಿತ್ತು.

"ಇದೇನು ಸಿಸ್ಟರ್?" ಅವನು ಮೆಲ್ಲಗೆ ಕೇಳಿದ.

"ಮತ್ತಿನ್ನೇನು ಮಾಡೋದು ಹೇಳಿ? ಒಬ್ರ ಗಾಯ ತೊಳೆದು ಬರೋಷ್ಟರಲ್ಲಿ 'ನೀನ್ಯಾರು' ಅನ್ನುತ್ತೆ ನಿಮ್ಮ ಡಬ್ಬ. ಗ್ಲೌಸ್ ಬಿಚ್ಚಿ ಪಾಸ್‌ವರ್ಡ್ ಒತ್ತೋದೋ, ರೋಗಿ ನೋಡೋದೋ? ವಾರಕ್ಕೊಬ್ರು ಲಾಗಿನ್ ಆದ್ರೆ ಸಾಕು ಅಂತ ಎಲ್ರೂ ಸೇರಿ ಕಟ್ಟಿದ್ವಿ. ನನ್ನ ಗ್ರಹಚಾರ, ಈ ವಾರ ನನ್ನ ಸರದಿ."

ಎಂಜಿನಿಯರನಿಗೆ ಫ್ಯಾನಿನ ಎದುರಲ್ಲೇ ಬೆವರೊಡೆಯಿತು. ಹೌದು ಎಂದರೆ ಅವಳ ಅನ್ನ ಹೋಗುತ್ತದೆ. ಅಲ್ಲ ಎಂದರೆ, ಹಾಗಾದರೆ ನಿನ್ನ ಸಾಫ್ಟ್‌ವೇರ್ ಯಾಕೆ ಬೇಕು ಎನ್ನುತ್ತಾರೆ. ಅವನಿಗೆ ಎದ್ದು ಓಡಿಹೋಗಬೇಕೆನಿಸಿತು.

"ಏನ್ರೀ, ಗರ ಬಡಿದವರ ಹಾಗೆ ಕೂತ್ರಿ?" ವೈದ್ಯರು ಬಾಗಿಲಿಂದಲೇ ಗದರಿದರು. "ಆ ಹೊತ್ತಲ್ಲಿ ಲಾಗಿನ್ ಆಗಿದ್ದವರು ಯಾರು? ಒಂದೇ ಮಾತಲ್ಲಿ ಹೇಳಿ."

ಅವನು ಎದ್ದು ನಿಂತ.

"ಟೇಬಲ್ ಫ್ಯಾನು ಸಾರ್. ಅದನ್ನ ಕೆಲಸಕ್ಕೆ ಹಚ್ಚಿದವನು ನಾನು."