ಮಾಮಾನ ಮಣೆ

ಇಟ್ಟಿಗೆಯ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಇಟ್ಟಿಗೆ ಪುಡಿಯ ವಾಸನೆ ಬಂದರೆ ಈಗಲೂ ನನ್ನ ಹಲ್ಲು ಬಿಗಿಯುತ್ತದೆ.

ಆ ಮಧ್ಯಾಹ್ನ ನಾನು ಊಟದ ಡಬ್ಬಿ ಒಯ್ದಾಗ ವಿಕ್ರೋಳಿಯ ಶೆಡ್ಡಿನಲ್ಲಿ ಅಪ್ಪ ದೋಣಿ ಸಾಗಿಸುವ ಟ್ರೇಲರ್ ರಿಪೇರಿ ಮಾಡುತ್ತಿದ್ದ. ಮೇಲಿದ್ದ ದೋಣಿಗೆ ಇಟ್ಟಿಗೆಗಳ ಆಧಾರ ಕೊಟ್ಟಿದ್ದರು.

"ಇಟ್ಟಂಗಿ ಒಡೀತಾವ್ರಿ ಮಾಮಾ, ಕಟಗಿ ದಿಮ್ಮಿ ಬೇಕು," ಎಂದ ಅಪ್ಪ.

ಶೆಡ್ಡಿನ ಮೇಸ್ತ್ರಿಯಾಗಿದ್ದ ಮಾಮಾ ಅಪ್ಪನ ಅಕ್ಕನ ಗಂಡ. "ಮುಂಬೈ ತೋರಿಸಿದವಗ ಕೆಲಸಾ ಕಲಸ್ತಿಯೇನ? ನಡಿ ಒಳಗ!"

ಅಪ್ಪ ದೋಣಿಯ ಅಡಿಗೆ ನುಸುಳಿದ. ಬಿರುಕು ಬಿಟ್ಟಿದ್ದ ಆ ಇಟ್ಟಿಗೆ ಸಿಡಿದು ದೋಣಿ ವಾಲಿತು. ಅವನ ಎರಡು ಬೆರಳು ಜಜ್ಜಿಹೋದವು.

ಸಂಜೆ ಮಾಮಾ ಚಾಳಿನ ನಮ್ಮ ಮನೆಗೆ ಬಂದು, ಅವನಿಗೆಂದೇ ಇಟ್ಟಿದ್ದ ತೇಗದ ಮಣೆಯ ಮೇಲೆ ಕೂತು ರೊಟ್ಟಿ ಮುರಿದ. "ಜೀವ ಉಳೀತಲ್ಲೋ, ನಗು!" ಎಂದ. ಅಪ್ಪ ಬ್ಯಾಂಡೇಜಿನ ಕೈಯಿಂದಲೇ ಅವನಿಗೆ ಪಲ್ಯ ಬಡಿಸಿದ.

ಮರುದಿನ ಬೆಳಿಗ್ಗೆ ಆ ಮಣೆಯನ್ನು ಶೆಡ್ಡಿಗೆ ಹೊತ್ತೊಯ್ದು ಮಾಮಾನ ಕಾಲಬಳಿ ಎಸೆದೆ. "ಇದೂ ಕಟಗೀನ ಐತಿ. ದೋಣಿಗೆ ಇಡ್ರಿ," ಎಂದೆ.